ಹುಣಸೆ ದಿಮ್ಮಿಯ ತೂತು

ನನ್ನ ಮಾತಿನಿಂದ ಒಬ್ಬ ಮನುಷ್ಯ ಜೈಲಿಗೆ ಹೋದ, ಅಲ್ಲೇ ಸತ್ತ. ಸುತ್ತಿ ಬಳಸಿ ಹೇಳುವ ವಯಸ್ಸು ನನಗೆ ಮುಗಿದಿದೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಆಡಿದ್ದು ಸುಳ್ಳಲ್ಲ. ಸುಳ್ಳಾಡಿದ್ದರೆ ಎಂದೋ ಯಾರ ಹತ್ತಿರವಾದರೂ ತಪ್ಪಾಯಿತು ಅಂದು ಕೈಮುಗಿದು ಹಗುರಾಗುತ್ತಿದ್ದೆ. ನಿಜ ಹೇಳಿ ಮಾಡಿದ ಪಾಪಕ್ಕೆ ಯಾರ ಮುಂದೆ ಕೈಮುಗಿಯುವುದು?

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ತಿಪಟೂರಿನ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಮೇಷ್ಟ್ರು. ವಾರವೆಲ್ಲ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಹಾಲ್ಕುರಿಕೆ ಕಡೆಯ ನಮ್ಮೂರಿಗೆ. ಅಲ್ಲಿ ಅವ್ವ ಒಬ್ಬಳೇ ತೋಟ, ಹಸು, ಕೊಬ್ಬರಿ ಅಟ್ಟ ಎಲ್ಲವನ್ನೂ ಗದರಿಸಿಕೊಂಡು ನಡೆಸುತ್ತಿದ್ದಳು. ಭಾನುವಾರ ನಾನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಸೈಕಲ್ಲು ಹತ್ತಿ ಹಂದನಕೆರೆಗೋ ತುರುವೇಕೆರೆಗೋ ಹೋಗಿ, ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲು ತೊಳೆದು ಓದುವುದು, ಹಳೇ ನಾಣ್ಯ ಸಿಕ್ಕವರ ಮನೆಗೆ ಹೋಗಿ ಇದು ಇಂಥದ್ದು ಅಂತ ಹೇಳುವುದು, ಇದೇ ನನ್ನ ಕೆಲಸ. ಜನ ಬೆನ್ನ ಹಿಂದೆ ಕಲ್ಲು ಮೇಷ್ಟ್ರು ಅನ್ನುತ್ತಿದ್ದರು. ನನಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು. ಅಷ್ಟು ಜಂಬ.

ನಮ್ಮ ಕಡೆ ಕೆಡವಿದ ಕಾಯನ್ನೆಲ್ಲ ಕೂಡಲೇ ಸುಲಿಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಬಿಟ್ಟು, ನೀರು ಇಂಗಿ ಒಳಗೆ ಕೊಬ್ಬರಿ ಉಂಡೆ ಗಡಗಡ ಅಂದ ಮೇಲೆ ಇಳಿಸುತ್ತೇವೆ. ಆಗ ಸುಲಿಯುವವನಿಗೆ ಹೇಳಿ ಕಳಿಸಬೇಕು. ಅವನು ಕಾಯಿ ಸುಲಿಯುವ ಈಟಿಯಂಥ ತನ್ನ ಕಬ್ಬಿಣವನ್ನು ತಾನೇ ಹೆಗಲ ಮೇಲೆ ಹೊತ್ತು ಊರೂರು ನಡೆದು ಬರುತ್ತಾನೆ. ಅದನ್ನು ನಿಲ್ಲಿಸುವ ಮರದ ದಿಮ್ಮಿ ಮಾತ್ರ ಆಯಾ ಮನೆಯದು. ದಿಮ್ಮಿಯ ತೂತಿಗೆ ಕಬ್ಬಿಣದ ಬುಡ ಇಳಿಸಿ, ಸುತ್ತ ಗೋಣಿಚೂರು ತುರುಕಿ ಬಿಗಿ ಮಾಡಿ, ಮೇಲೆದ್ದ ಮೊನೆಗೆ ಕಾಯಿ ಕುಕ್ಕಿ ತಿರುವಿದರೆ ಸಿಪ್ಪೆ ಎರಡು ಮೂರು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಅಲಗಿನ ಅಂಚು ಹರಿತ ಇರಕೂಡದು. ಹರಿತವಿದ್ದರೆ ನಾರಿಗೆ ಕಚ್ಚಿಕೊಂಡು ಬರುವುದಿಲ್ಲ, ಕೈ ಜಾರಿದರೆ ಬೆರಳೇ ಹೋಗುತ್ತದೆ. ಅದಕ್ಕೇ ಅಂಚನ್ನು ಕಲ್ಲಿಗೆ ಉಜ್ಜಿ ಉಜ್ಜಿ ಮೊಂಡು ಮಾಡಿಕೊಳ್ಳುತ್ತಾರೆ. ಇದು ನಮ್ಮೂರಲ್ಲಿ ಎಮ್ಮೆ ಕಾಯುವವರಿಗೂ ಗೊತ್ತು. ನನಗೂ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಮನೆಗೆ ಬರುತ್ತಿದ್ದ ಸುಲಿಯುವವನು ಕುಳ್ಳಗೆ, ಗಟ್ಟಿಮುಟ್ಟಾಗಿದ್ದ. ಜೊತೆಗೆ ಅವನ ಹೆಂಡತಿ ಬಂದು ಸಿಪ್ಪೆ ಬಾಚಿ ರಾಶಿ ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಒಂದು ಬುಟ್ಟಿ ಸಿಪ್ಪೆ ಒಲೆಗೆಂದು ಅವಳು ತುಂಬಿಕೊಂಡು ಹೋಗುವುದು ವಾಡಿಕೆ. ಅವನ ಕಬ್ಬಿಣ ಬೇರೆಯವರದರ ಹಾಗೆ ಕುಲುಮೆಯಲ್ಲಿ ಬಡಿಸಿದ್ದಲ್ಲ, ತಾತನ ಕಾಲದಿಂದ ಅವರ ಅಟ್ಟದಲ್ಲಿದ್ದ ಯಾವುದೋ ಹಳೇ ಬಾಕು. ನಾನು ಅದನ್ನು ದಿಮ್ಮಿಯ ಮೇಲೆ ನಿಂತಿದ್ದಾಗ ನೋಡಿದ್ದೆ, ಅಂದರೆ ಮೇಲಿನ ಅಲಗನ್ನಷ್ಟೇ. ಮನೆಯ ಪೊರಕೆಯನ್ನು ನಾವು ಎಷ್ಟು ನೋಡುತ್ತೇವೋ ಅಷ್ಟು ನೋಡಿದ್ದೆ.

ಒಂದು ದಿನ ತುರುವೇಕೆರೆ ರಸ್ತೆಯ ಯಾವುದೋ ತೋಟದಲ್ಲಿ ಅವನು ಕೆಲಸ ಮುಗಿಸಿ, ಕಬ್ಬಿಣ ಕಿತ್ತು ಹೆಗಲಿಗಿಟ್ಟುಕೊಂಡು ಹೊರಟಿದ್ದ. ಹೆಂಡತಿಯ ತಲೆಯ ಮೇಲೆ ಸಿಪ್ಪೆ ಬುಟ್ಟಿ. ಸಿಪ್ಪೆಯ ಅಡಿ ಕಾಯಿ ಬಚ್ಚಿಟ್ಟಿದ್ದೀಯ ಅಂತ ತೋಟದ ಕಾವಲಿನವನು ಬುಟ್ಟಿ ಕೆಡವಿದ, ಅವಳ ಸೆರಗಿಗೂ ಕೈ ಹಾಕಿದ. ಗಂಡ ಮುಂದೆ ನುಗ್ಗಿದ, ತಳ್ಳಾಟವಾಯಿತು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಏಳುವಾಗ ಅಲಗು ಕಾವಲಿನವನ ಹೊಟ್ಟೆಯಲ್ಲಿತ್ತು. ಅವನು ಮೂರನೇ ದಿನ ಆಸ್ಪತ್ರೆಯಲ್ಲಿ ನರಳಿ ನರಳಿ ಸತ್ತ. ಅವನಿಗೂ ಹೆಂಡತಿ ಮಕ್ಕಳಿದ್ದರು, ಅದನ್ನು ಹೇಳದೆ ಬಿಟ್ಟರೆ ಇನ್ನೊಂದು ಅನ್ಯಾಯವಾಗುತ್ತದೆ.

ಸತ್ತದ್ದು ಇವನ ಕಬ್ಬಿಣದಿಂದ, ಅದರಲ್ಲಿ ಎರಡು ಮಾತಿಲ್ಲ. ಕೇಸು ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ. ಅವನ ಹೆಗಲ ಮೇಲಿದ್ದದ್ದು ದಿನನಿತ್ಯದ ಕಸುಬಿನ ಕಬ್ಬಿಣವೋ, ಕೊಲ್ಲಬೇಕೆಂದೇ ಹೊತ್ತು ತಂದ ಆಯುಧವೋ? ಕಸುಬಿನದ್ದು ಅಂತಾದರೆ ಕೆಲವು ವರ್ಷಕ್ಕೆ ಮುಗಿಯುತ್ತದೆ. ಆಯುಧ ಅಂತಾದರೆ ಜೀವಾವಧಿ. ನೋಡಿದವಳು ಹೆಂಡತಿ ಒಬ್ಬಳೇ, ಹೆಂಡತಿಯ ಮಾತನ್ನು ಯಾರು ನಂಬುತ್ತಾರೆ?

ಸಬ್ ಇನ್ಸ್‌ಪೆಕ್ಟರು ಬೇರೆ ಸೀಮೆಯವರು, ತೆಂಗಿನ ನಾಡಿಗೆ ಹೊಸಬರು. ನನಗೆ ಹೇಳಿ ಕಳಿಸಿದರು. ಠಾಣೆಯ ಮೇಜಿನ ಮೇಲೆ ಆ ವಸ್ತು, ಬಿಳಿ ಬಟ್ಟೆಯ ಮೇಲೆ ಮಲಗಿತ್ತು.

“ನೋಡಿ ಮೇಷ್ಟ್ರೇ, ಇದು ಕಾಯಿ ಸುಲಿಯೋದು ಅಂತಾನೆ ಅವನು. ನಾನು ಏಳೆಂಟು ಜನ ಸುಲಿಯೋರದ್ದು ತರಿಸಿ ನೋಡಿದೆ, ಒಂದೂ ಹೀಗಿಲ್ಲ. ನೀವು ತಿಳಿದೋರು, ಇದೇನು ಹೇಳಿ” ಅಂದರು.

ನೀವು ತಿಳಿದೋರು! ಆ ಮಾತಿಗೆ ನನಗೆ ಎರಡು ಕೋಡು ಮೂಡಿದವು.

ಬಗ್ಗಿ ನೋಡಿದೆ. ಒಂದು ಮೊಳಕ್ಕೆ ತುಸು ಕಡಿಮೆಯ ನೆಟ್ಟಗಿನ ಅಲಗು, ತುದಿಯ ಹತ್ತಿರ ಎರಡೂ ಬದಿ ಅಂಚು. ಅಲಗು ಮುಗಿಯುವಲ್ಲಿ ಎರಡು ಕಡೆಗೂ ಚಾಚಿದ ಗಿಡ್ಡ ಅಡ್ಡಪಟ್ಟಿ. ಕಪ್ಪು ಮರದ ಹಿಡಿ ಪಟ್ಟಿಯ ಹತ್ತಿರ ದಪ್ಪಗಿದ್ದು, ಬರಬರುತ್ತ ಮೂಲಂಗಿಯ ಹಾಗೆ ಸಣ್ಣಗಾಗಿತ್ತು. ಹಿಡಿದರೆ ಮುಷ್ಟಿಯಿಂದ ಜಾರುವ ಹಿಡಿ. ಇಂಥ ಹಿಡಿಯನ್ನು ಕೈಗೆಂದು ಯಾರೂ ಮಾಡುವುದಿಲ್ಲ. ಇದನ್ನು ನಾನು ಲೈಬ್ರರಿಯ ಒಂದು ದಪ್ಪ ಇಂಗ್ಲಿಷ್ ಪುಸ್ತಕದ ಚಿತ್ರದಲ್ಲಿ ನೋಡಿದ್ದೆ. ಬಯೊನೆಟ್ಟು. ಬಂದೂಕಿನ ನಳಿಗೆಯ ಪಕ್ಕಕ್ಕೆ ಸಿಕ್ಕಿಸುವ ಈಗಿನ ಬಗೆಯದಲ್ಲ, ಅದಕ್ಕೂ ಮುಂಚಿನದು. ಗುಂಡು ಹಾರಿಸಿಯಾದ ಮೇಲೆ ಹಿಡಿಯನ್ನೇ ಬಿರಡೆಯ ಹಾಗೆ ನಳಿಗೆಯ ಬಾಯಿಗೆ ತುರುಕಿ, ಬಂದೂಕನ್ನು ಈಟಿ ಮಾಡಿಕೊಂಡು ಚುಚ್ಚುವ ಜಾತಿಯದು. ಹಿಡಿ ಸಣ್ಣಗಾಗುತ್ತ ಹೋಗುವುದು ನಳಿಗೆಯಲ್ಲಿ ಬಿಗಿಯಾಗಿ ಕೂರಲಿ ಅಂತ.

ಆ ಪುಸ್ತಕದಲ್ಲಿ ಎರಡು ಬಗೆ ಹೇಳಿತ್ತು. ಸೈನ್ಯದವರು ಬಿಟ್ಟ ಎಷ್ಟೋ ಕಾಲದ ನಂತರವೂ ಬೇಟೆಗಾರರು ಇದನ್ನು ಇಟ್ಟುಕೊಂಡಿದ್ದರಂತೆ. ಗುಂಡು ತಪ್ಪಿ ಹಂದಿ ಮೈಮೇಲೆ ಬಂದರೆ ಬೇಕಲ್ಲ, ಅದಕ್ಕೆ. ಬೇಟೆಯದಾದರೆ ಅಲಗು ಅಗಲ, ಹಿತ್ತಾಳೆ ಕೆಲಸ, ಹೂಬಳ್ಳಿಯ ಕೆತ್ತನೆ. ಸೈನ್ಯದ್ದಾದರೆ ಬೋಳು, ಇಕ್ಕಟ್ಟು, ಉಗ್ರಾಣದ ಅಂಕಿಯ ಗುರುತು. ಮುಂದಿನ ಪುಟದಲ್ಲೇ, ಸೈನ್ಯದವು ಬೇಟೆಗಾರರ ಕೈಗೆ ಎಷ್ಟೋ ಸೇರಿವೆ, ಹೀಗೇ ಅಂತ ಗೆರೆ ಎಳೆಯಲು ಬರುವುದಿಲ್ಲ ಅಂತಲೂ ಇತ್ತು. ಆ ಪುಟ ಆವತ್ತು ನನಗೆ ನೆನಪಾಗಲಿಲ್ಲ ಅಂತ ಬರೆಯಬಹುದು. ನೆನಪಿತ್ತು. ನಾನೇ ಬಾಯಿ ಬಿಡಲಿಲ್ಲ.

“ಅಂಕಿ ಇದೆಯೋ ನೋಡಬೇಕು, ಸ್ವಲ್ಪ ಹುಣಸೆಹಣ್ಣು ತರಿಸಿ” ಅಂದೆ. ರಕ್ತದ ಪರೀಕ್ಷೆಯ ರಿಪೋರ್ಟು ಬಂದಾಗಿದೆ, ತೊಳೆದುಕೊಳ್ಳಿ ಅಂದರು ಅವರು. ಪೇದೆ ಪಕ್ಕದ ಹೋಟೆಲಿನಿಂದ ಹುಣಸೆಹಣ್ಣು ತಂದ. ಹಿಡಿಯ ಬುಡಕ್ಕೆ ಅಂಟಿಕೊಂಡಿದ್ದ ಗೋಣಿಚೂರನ್ನು ಉಗುರಿನಿಂದ ಕೆರೆದು ಕೆಳಗೆ ಹಾಕಿದೆ. ಅಲಗಿನ ಮೇಲೆಲ್ಲ ಗಾಢ ಕಂದು ಕಲೆ ಇತ್ತು. ತುಕ್ಕಲ್ಲ, ತೆಂಗಿನ ಸಿಪ್ಪೆಯ ಒಗರು. ನಮ್ಮ ಕಡೆಯ ಪ್ರತಿ ಹೆಂಗಸಿನ ಸೀರೆಯ ಮೇಲೂ ಇರುವ, ಎಷ್ಟು ಒಗೆದರೂ ಹೋಗದ ಕಲೆ. ಹುಣಸೆಹಣ್ಣಿಗೆ ಹೋಯಿತು. ಉಜ್ಜಿದೆ, ಇನ್ನೂ ಉಜ್ಜಿದೆ, ದೇವರ ಸಾಮಾನು ಬೆಳಗುವ ಹಾಗೆ ಬೆಳಗಿದೆ. ಅಡ್ಡಪಟ್ಟಿಯ ಕೆಳಗೆ ಒಂದು ಅಕ್ಷರ, ಪಕ್ಕದಲ್ಲಿ ಮೂರು ಅಂಕಿ ಕಾಣಿಸಿದವು.

“ಸಿಕ್ತು!” ಅಂತ ಕೂಗಿದೆ. ಪೇದೆ ಬೆಚ್ಚಿಬಿದ್ದ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ಸಂತೋಷ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಅಲ್ಲೇ ಕೂತು ಒಂದೂವರೆ ಪುಟ ಬರೆದುಕೊಟ್ಟೆ. ಸೈನಿಕರಿಗೆಂದು ತಯಾರಾದ ಹಳೆಯ ಬಯೊನೆಟ್, ಬೇಟೆಯದಲ್ಲ, ಕಾಲಕ್ರಮದಲ್ಲಿ ಅಂಚು ಮೊಂಡಾಗಿದೆ. ಕಾಲಕ್ರಮದಲ್ಲಿ! ಕಲ್ಲಿಗೆ ಉಜ್ಜಿದ ಗೆರೆಗಳು ಅಂಚಿನುದ್ದಕ್ಕೂ ಬೆರಳಿಗೆ ಸಿಗುತ್ತಿದ್ದವು. ಥೂ, ನನ್ನ ಬುದ್ಧಿಗಿಷ್ಟು.

ಹೊರಡುವಾಗ ಒಳಗಿನ ಕಂಬಿಯ ಹಿಂದೆ ಅವನು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಮುಖದಲ್ಲಿ ಸಮಾಧಾನ. ತಿಳಿದವರು, ನಮ್ಮವರು ಬಂದರು ಅನ್ನುವ ಸಮಾಧಾನ.

“ಮೇಷ್ಟ್ರೇ, ನಮ್ ತಾತ ದೊರೆಗಳ ಜತೆ ಹಂದಿ ಬ್ಯಾಟೆಗೋಯ್ತಿದ್ನಂತೆ. ಅವ್ರು ಕೊಟ್ಟಿದ್ದಂತೆ ಅದು. ನನಗಂತೂ ಕಾಯಿಗ್ ಬುಟ್ರೆ ಇನ್ಯಾತಕ್ಕೂ ಬಂದಿಲ್ಲ” ಅಂದ.

ಆಗಲಿ ಅನ್ನುವ ಹಾಗೆ ತಲೆಯಾಡಿಸಿದೆ. ಬಾಯಿಮಾತು ಪುರಾವೆಯಲ್ಲ ಅಂತ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವನು ನಾನು. ಅಂಕಿ ಸಿಕ್ಕಿದ ಮೇಲೆ ತಾತನ ಕತೆ ಯಾರಿಗೆ ಬೇಕು ಅಂದುಕೊಂಡೆ.

ವಿಚಾರಣೆಗೆ ಎರಡು ವಾರ ಇರುವಾಗ ಅವನ ಹೆಂಡತಿ ಊರ ಮನೆಗೆ ಬಂದಳು. ಶನಿವಾರ, ನಾನು ಆಗತಾನೇ ಬಸ್ಸಿಳಿದು ಬಂದಿದ್ದೆ. ಜಗಲಿಯ ಕೆಳಗೆ ನಿಂತೇ ಮಾತಾಡಿದಳು. ಕೂರು ಅಂದರೂ ಕೂರಲಿಲ್ಲ.

“ಅದು ಕಾಯಿ ಸುಲಿಯೋ ಕಬ್ಣ ಅಂತ ಒಂದ್ ಮಾತು ಹೇಳಿ ಮೇಷ್ಟ್ರೇ, ಅಷ್ಟೇ ಸಾಕು. ನಿಮ್ಮನೆ ಹಿತ್ಲಲ್ಲೇ ಎಷ್ಟು ಸಾವ್ರ ಕಾಯಿ ಸುಲ್ದಿಲ್ಲ ಅದ್ರಲ್ಲಿ?”

“ಕೋರ್ಟಲ್ಲಿ ಏನು ಕೇಳ್ತಾರೋ ಅದಕ್ಕೆ ಮಾತ್ರ ನಾನು ಹೇಳಬೇಕಮ್ಮ. ಸುಳ್ಳು ಹೇಳೋಕಾಗಲ್ಲ.”

“ಸುಳ್ಳೆಲ್ಲೈತೆ ಅದ್ರಲ್ಲಿ?” ಅಂದಳು.

ಕಾನೂನು, ಪ್ರಮಾಣ ಅಂತ ಏನೇನೋ ಗೊಣಗಿದೆ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಅವನು ನಮ್ಮ ಮನೆಯ ಕೆಲಸದವನು ಅಂತ ಗೊತ್ತಾದರೆ ಪರಿಣತನೆಂಬ ನನ್ನ ಮಾತಿಗೆ ತೂಕ ಇರುವುದಿಲ್ಲ, ಬೇಕಾದವರಿಗೆ ಬೇಕಾದ ಹಾಗೆ ಹೇಳಿದ ಅನ್ನುತ್ತಾರೆ ಅನ್ನುವ ಭಯ. ನನ್ನ ಹೆಸರಿನ ಚಿಂತೆ ನನಗೆ, ಗಂಡನ ಚಿಂತೆ ಅವಳಿಗೆ. ಅವಳು ಸೆರಗು ಬಿಗಿದು ಹೊರಟುಹೋದಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವ್ವ ಉರಿದುಬಿದ್ದಳು. “ನಿನ್ ನಾಲ್ಗೆ ಏನ್ ಬಿದ್ದೋಗಿತ್ತಾ? ನಾನೇ ಬತ್ತೀನಿ ಕಣೋ ಕೋರ್ಟಿಗೆ. ನಮ್ ಹುಣ್ಸೆ ದಿಮ್ಮಿ ತೂತು ಅವ್ನು ಕೊರ್ದಿದ್ದೇ ಆ ಕಬ್ಣದ ಹಿಡಿಗೆ. ಬ್ಯಾರೇರ್ ಕಬ್ಣ ಅದ್ರಲ್ಲಿ ನಿಲ್ಲಾಕೇ ಇಲ್ಲ. ಬೇಕಾದ್ರೆ ದಿಮ್ಮೀನೇ ಗಾಡಿ ಮೇಲಾಕ್ಕಂಡು ಹೋಗಾಣ ನಡಿ.”

“ದಿಮ್ಮಿ ಹೊತ್ಕೊಂಡು ಕೋರ್ಟಿಗೆ ಹೋದ್ರೆ ಜನ ನಗ್ತಾರೆ, ಸುಮ್ನಿರವ್ವ” ಅಂದೆ. “ಅದೆಲ್ಲ ವಕೀಲರು ನೋಡ್ಕೋತಾರೆ.”

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಪೊರಕೆ ತಗೊಂಡು ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ಹಿತ್ತಲ ಬಾಗಿಲು ದಾಟಿದರೆ ಹತ್ತು ಹೆಜ್ಜೆಗೆ ಆ ದಿಮ್ಮಿ ಇತ್ತು. ನಾನು ಹೋಗಿ ಒಂದು ಸಲ ಬಗ್ಗಿ ನೋಡಲಿಲ್ಲ. ವೀರಗಲ್ಲು ನೋಡಲು ಹಂದನಕೆರೆಯವರೆಗೂ ಸೈಕಲ್ಲು ತುಳಿಯುತ್ತಿದ್ದವನು!

ಕೋರ್ಟಿಗೆ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಹೋದೆ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ನೀಟಾಗಿ ಉತ್ತರ ಕೊಟ್ಟೆ. ಹಿಡಿ ಯಾಕೆ ಹೀಗಿದೆ, ನಳಿಗೆಗೆ ಹೇಗೆ ತುರುಕುತ್ತಿದ್ದರು ಅನ್ನುವುದನ್ನು ಎರಡು ಕೈಯಿಂದ ಮಾಡಿ ತೋರಿಸಿದೆ. ಬೆಂಚಿನಲ್ಲಿದ್ದವರು ಮುಂದಕ್ಕೆ ಬಾಗಿ ನೋಡಿದರು, ನನಗೆ ಹುರುಪು ಹೆಚ್ಚಿತು.

“ಬೇಟೆಯದೋ, ಸೈನ್ಯದ್ದೋ?”

“ಸೈನ್ಯದ್ದು.”

“ಅಂದರೆ ಯಾವ ಉದ್ದೇಶಕ್ಕೆ ಮಾಡಿದ್ದು?”

“ಮನುಷ್ಯರನ್ನು ಕೊಲ್ಲುವ ಉದ್ದೇಶಕ್ಕೆ” ಅಂದೆ.

ಅವನ ಪರವಾಗಿ ಸರ್ಕಾರವೇ ನೇಮಿಸಿಕೊಟ್ಟ ವಕೀಲರು ವಯಸ್ಸಾದವರು, ಕೆಮ್ಮುತ್ತಿದ್ದರು. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು. “ಇದರಲ್ಲಿ ಕಾಯಿ ಸುಲಿಯಬಹುದೇ?”

ಅವನು ಕಟಕಟೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಬಾಯಿ ಅರ್ಧ ತೆರೆದಿತ್ತು, ನನ್ನ ಉತ್ತರವನ್ನು ನನ್ನ ಜೊತೆ ತಾನೂ ಹೇಳುವವನ ಹಾಗೆ.

“ಅದು ನನ್ನ ವಿಷಯವಲ್ಲ” ಅಂದೆ.

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲರು ಕೂತುಬಿಟ್ಟರು. ತೆಂಗಿನ ತೋಟದಲ್ಲಿ ಹುಟ್ಟಿ, ಕೊಬ್ಬರಿ ಮಾರಿದ ದುಡ್ಡಿನಲ್ಲಿ ಓದಿ, ಕಾಯಿ ಸುಲಿಯುವುದು ನನ್ನ ವಿಷಯವಲ್ಲ ಅಂದ ಗಂಡಸು ಆ ಸೀಮೆಯಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬನಿರಲಾರ.

ಜೀವಾವಧಿಯಾಯಿತು. ತೀರ್ಪಿನಲ್ಲಿ ನನ್ನ ಮಾತು ಇದ್ದಂತೆಯೇ ಸೇರಿತ್ತು. ಕೊಲ್ಲಲೆಂದೇ ತಯಾರಾದ ಸೈನಿಕ ಆಯುಧವನ್ನು ಹೊತ್ತು ಬಂದಿದ್ದರಿಂದ ಉದ್ದೇಶ ಸ್ಪಷ್ಟ ಅಂತ. ಕಾಲೇಜಿನಲ್ಲಿ ಜೊತೆಯ ಮೇಷ್ಟ್ರುಗಳು ಬೆನ್ನು ತಟ್ಟಿದರು. ಆ ಹುರುಪಿನಲ್ಲೇ, ಕೇಸು ಪೂರ್ತಿ ಮುಗಿದ ಮೇಲೆ ಆ ಬಯೊನೆಟ್ಟನ್ನು ನಮ್ಮ ಕಾಲೇಜಿನ ಗಾಜಿನ ಬೀರುವಿಗೆ ಕೊಡಿಸಬೇಕು ಅಂತ ಅರ್ಜಿಯನ್ನೂ ಹಾಕಿದೆ.

ಅವನು ಜೈಲಿನಲ್ಲಿ ನಾಲ್ಕನೇ ವರ್ಷ ಸತ್ತ. ಕಾಮಾಲೆ ಅಂದರು. ಹೆಂಡತಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು. ನನಗೆ ಇದನ್ನು ಹೇಳಿದವಳು ಅವ್ವ, ಕೊಬ್ಬರಿ ಆರಿಸುತ್ತ, ತಲೆ ಎತ್ತದೆ. “ಹೋದ ಕಣಪ್ಪ ಅವ್ನು” ಅಂದಳು, ಅಷ್ಟೇ. ಆ ವಾರದಿಂದ ಅವನ ಹೆಂಡತಿಯನ್ನು ಅವ್ವ ಮನೆಗೆಲಸಕ್ಕೆ ಇಟ್ಟುಕೊಂಡಳು. ನನ್ನನ್ನು ಕೇಳಲಿಲ್ಲ. ಶನಿವಾರ ನಾನು ಬಂದರೆ ಆಕೆ ನನಗೆ ನೀರು ತಂದಿಡುತ್ತಿದ್ದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ದಿನ, ನಾನೇ ಮರೆತಿದ್ದ ಅರ್ಜಿಗೆ ಉತ್ತರವಾಗಿ ಆ ವಸ್ತು ಕಾಲೇಜಿಗೆ ಬಂತು. ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿತ್ತು. ಬೀರುವಿನಲ್ಲಿಡಲು ಕೆಳಗೊಂದು ಚೀಟಿ ಬೇಕು, ಇದು ಏನು ಅಂತ ನಾಲ್ಕು ಸಾಲು. ಬರೆಯಲು ಕೂತರೆ ಕೈ ಏಳಲಿಲ್ಲ. ಶನಿವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಹೋದೆ. ಮನೆಯೊಳಗೆ ಹೋಗದೆ ಹೊರಗಿನಿಂದಲೇ ಸುತ್ತಿಕೊಂಡು ಹಿತ್ತಲಿಗೆ ಬಂದೆ.

ದಿಮ್ಮಿ ಅಲ್ಲೇ ಇತ್ತು. ಅವನು ಹೋದ ಮೇಲೆ ಸುಲಿಯಲು ಬಂದವರು ಬೇರೆ ದಿಮ್ಮಿ ತರಿಸಿಕೊಂಡಿದ್ದರು, ಇದರ ಮೇಲೆ ಕೋಳಿ ಕೂರುತ್ತಿದ್ದವು. ತೂತಿನೊಳಗೆ ತುಂಬಿದ್ದ ಮಣ್ಣು, ಒಣಗಿದ ಎಲೆ ಬೆರಳು ಹಾಕಿ ತೆಗೆದೆ. ಮೇಲೆ ಅಗಲ, ಒಳಗೆ ಹೋಗುತ್ತ ಸಣ್ಣ. ಗೋಡೆಗೆ ಹತ್ತಿದ್ದ ಗೋಣಿನಾರು ಇನ್ನೂ ಇತ್ತು. ಚೀಲದಿಂದ ಅದನ್ನು ತೆಗೆದು ಹಿಡಿ ಕೆಳಗೆ ಮಾಡಿ ಇಳಿಸಿದೆ. ಅಡ್ಡಪಟ್ಟಿ ಬಂದು ಮರಕ್ಕೆ ಕೂತಿತು. ಅಲ್ಲಾಡಿಸಿ ನೋಡಿದೆ, ಅಲ್ಲಾಡಲಿಲ್ಲ. ಯಾವ ಬಂದೂಕಿನ ಬಾಯಿಯಲ್ಲೂ ಅದು ಅಷ್ಟು ಸರಿಯಾಗಿ ಕೂತಿತ್ತೆಂದು ನಾನು ನಂಬಲಾರೆ. ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಅಳು ಬಂತು. ಅತ್ತೆ.

ತಲೆ ಎತ್ತಿದಾಗ ಅವನ ಹೆಂಡತಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅಲಗನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ, ಅಟ್ಟದಿಂದ ಇಳಿಸಿದ್ದ ಒಂದು ಕಾಯಿ ತಂದು ನನ್ನ ಮುಂದೆ ಇಟ್ಟಳು.

ಎದ್ದೆ. ಎರಡು ಕೈಯಲ್ಲಿ ಕಾಯಿ ಹಿಡಿದು, ಕಣ್ಣು ಒರೆಸಿಕೊಳ್ಳದೆ, ಇದ್ದ ಬಲವನ್ನೆಲ್ಲ ಹಾಕಿ ಮೊನೆಗೆ ಕುಕ್ಕಿದೆ. ಕಾಯಿ ಪಕ್ಕಕ್ಕೆ ಜಾರಿತು, ನಾನು ಮುಗ್ಗರಿಸಿ ಅಲಗಿನ ಮೇಲೇ ಬಾಗಿದೆ. ಷರಟು ಹರಿಯಿತು. ಆಕೆ ಓಡಿಬಂದು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಹಂಗ್ ಮೈ ಬುಟ್ಟು ಬಗ್ಗಬ್ಯಾಡಿ ಮೇಷ್ಟ್ರೇ” ಅಂದಳು. “ಹೊಟ್ಟೆಗ್ ಹೊಕ್ಕುಬುಡ್ತೈತೆ. ಅದ್ನ ಯಾರೂ ಬೇಕೂ ಅಂತ ಚುಚ್ಬೇಕಾಗಿಲ್ಲ.”